ಸುರಿದ ಬಣ್ಣ ಕೆಸರಾಗುವುದೇಕೆ, ರಬ್ಬರ್ ಜೊತೆ ಕಾಗದ ಕಿತ್ತು ಬರುವುದೇಕೆ?

ಪ್ರಶ್ನೆ: ನಾನು ದಾವಣಗೆರೆಯವನು, ಹವ್ಯಾಸಕ್ಕೆ ಜಲವರ್ಣ ಮಾಡುತ್ತೇನೆ. ಚಿತ್ರದುರ್ಗ ಕೋಟೆಯಲ್ಲಿ ಬೆಳಗಿನ ಬಿಸಿಲು ಬಿದ್ದ ಬಂಡೆಗಳು, ಅವುಗಳ ಮೇಲೊಂದು ಬತೇರಿ, ಇಂಥ ಒಂದು ಫೋಟೊ ಇಟ್ಟುಕೊಂಡು, ಬಣ್ಣವನ್ನು ಬ್ರಷ್‌ನಲ್ಲಿ ಹಚ್ಚದೆ ಲೋಟದಿಂದ ಸುರಿಯುವ ವಿಧಾನದಲ್ಲಿ ಚಿತ್ರ ಮಾಡಿದೆ. ಬಿಳಿ ಉಳಿಯಬೇಕಾದ ಕಡೆಯೆಲ್ಲ ಮೊದಲೇ ಮಾಸ್ಕಿಂಗ್ ಫ್ಲೂಯಿಡ್ (ಒಣಗಿದರೆ ರಬ್ಬರ್ ಪೊರೆಯಾಗಿ ಬಣ್ಣ ತಡೆಯುವ, ಕೊನೆಗೆ ಸುಲಿದು ತೆಗೆಯುವ ದ್ರವ) ಹಚ್ಚಿ, ಹಳದಿ, ಕೆಂಪು, ನೀಲಿ ಬಣ್ಣಗಳನ್ನು ಮೂರು ಸುತ್ತು ಸುರಿದೆ. ಬೇಗ ಒಣಗಲೆಂದು ಹೇರ್ ಡ್ರೈಯರ್ ಹಿಡಿದೆ. ಅಷ್ಟರಲ್ಲಿ ಊರಿಗೆ ಹೋಗಬೇಕಾಗಿ ಬಂತು. ಹದಿನೈದು ದಿನ ಬಿಟ್ಟು ರಬ್ಬರ್ ಸುಲಿದೆ. ಅಲ್ಲಲ್ಲಿ ಕಾಗದದ ಮೇಲ್ಪದರವೇ ಕಿತ್ತು ಬಂತು. ಬಣ್ಣ ಕೆಸರಾಗಿದೆ. ಬಿಳಿ ಜಾಗಗಳು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತವೆ. ಕಾಗದ 300 ಜಿ.ಎಸ್.ಎಂ. ಇತ್ತು. ಎಲ್ಲಿ ತಪ್ಪಿದೆ?

ಉತ್ತರ: ನಿಮಗಾಗಿರುವುದು ಒಂದು ತೊಂದರೆಯಲ್ಲ, ಮೂರು, ಮೂರಕ್ಕೂ ಕಾರಣ ಬೇರೆ. ಕಾಗದ ಕಿತ್ತು ಬಂದದ್ದು ಶಾಖದಿಂದ, ತಡ ಮಾಡಿದ್ದರಿಂದ, ಜೊತೆಗೆ ಬಹುಶಃ ಕಾಗದದ ಗುಣದಿಂದ. ಬಣ್ಣ ಕೆಸರಾದದ್ದು ಬಣ್ಣದ ಆಯ್ಕೆಯಿಂದ ಮತ್ತು ಹಲಗೆಯನ್ನು ಆಡಿಸಿದ ರೀತಿಯಿಂದ. ಬಿಳಿ ಜಾಗ ಅಂಟಿಸಿದಂತೆ ಕಾಣುವುದಕ್ಕೆ ಮಾತ್ರ ಕೈಯ ದೋಷವೂ ಇಲ್ಲ, ಸಾಮಾನಿನ ದೋಷವೂ ಇಲ್ಲ. ಅದು ಯೋಜನೆಯ ದೋಷ, ಮೂರರಲ್ಲಿ ದೊಡ್ಡದೂ ಅದೇ. ಅಲ್ಲಿಂದಲೇ ಶುರು ಮಾಡೋಣ.

ಒಂದೇ ಸಲ ಮಾಸ್ಕ್ ಹಚ್ಚಿ ಮೇಲಿಂದ ಮೇಲೆ ಸುರಿಯುತ್ತ ಹೋದರೆ ಹಾಳೆಯಲ್ಲಿ ಎರಡೇ ಸ್ಥಿತಿ ಉಳಿಯುತ್ತದೆ: ರಬ್ಬರ್ ಕೆಳಗಿನ ಅಚ್ಚ ಬಿಳಿ, ಉಳಿದ ಕಡೆಯೆಲ್ಲ ಮೂರೂ ಸುತ್ತಿನ ಬಣ್ಣ ಕುಡಿದ ಗಾಢ ಛಾಯೆ. ನಡುವಿನ ಮೆಟ್ಟಿಲುಗಳೇ ಇಲ್ಲ. ಈ ವಿಧಾನದ ಜೀವಾಳ ಇರುವುದು ಪ್ರತಿ ಸುತ್ತು ಒಣಗಿದ ಮೇಲೆ ಮತ್ತೊಮ್ಮೆ ಮಾಸ್ಕ್ ಹಚ್ಚುವುದರಲ್ಲಿ. ಮೊದಲ ಮಾಸ್ಕ್ ಕಾಗದದ ಬಿಳಿಯನ್ನು ಕಾಯುತ್ತದೆ. ತೆಳುವಾಗಿ ಒಂದು ಸುತ್ತು ಸುರಿದು ಒಣಗಿಸಿ, ಆ ತೆಳು ಬಣ್ಣದಲ್ಲೇ ಉಳಿಯಬೇಕಾದ ಜಾಗಗಳಿಗೆ ಎರಡನೇ ಮಾಸ್ಕ್. ಇನ್ನೂ ಸ್ವಲ್ಪ ಗಟ್ಟಿ ಬಣ್ಣ ಸುರಿದು ಒಣಗಿಸಿ, ಮಧ್ಯಮ ಛಾಯೆಗೆ ಮೂರನೇ ಮಾಸ್ಕ್. ಹೀಗೆ ಹಗುರದಿಂದ ಗಾಢಕ್ಕೆ ಇಳಿಯುತ್ತ ಹೋಗಬೇಕು. ಹಳೆಯ ಮಾಸ್ಕ್ ಯಾವುದನ್ನೂ ನಡುವೆ ತೆಗೆಯುವ ಹಾಗಿಲ್ಲ. ಎಲ್ಲವೂ ಕೊನೆಗೆ ಒಟ್ಟಿಗೆ ಹೊರಡಬೇಕು. ಕೋಟೆಗೆ ಏಳು ಸುತ್ತಿರಬಹುದು, ಚಿತ್ರಕ್ಕೆ ನಾಲ್ಕು ಸಾಕು. ಐದನೆಯದಕ್ಕೆ ಹೋದವರಲ್ಲಿ ಬಹಳ ಜನ ಚಿತ್ರವನ್ನು ಕಪ್ಪು ಮಾಡಿಕೊಂಡೇ ಬರುತ್ತಾರೆ.

ಇದಕ್ಕೊಂದು ನಕ್ಷೆ ಬೇಕು. ಫೋಟೊವನ್ನು ಫೋನಿನಲ್ಲೇ ಕಪ್ಪುಬಿಳುಪು ಮಾಡಿ. ಅಂಗೈಯಗಲದ ಕಾಗದದ ಮೇಲೆ ಪೆನ್ಸಿಲ್‌ನಿಂದ ಐದೇ ಛಾಯೆಗಳಲ್ಲಿ ಅದನ್ನು ಮತ್ತೆ ಬರೆಯಿರಿ: 1 ಎಂದರೆ ಬಿಳಿ, 5 ಎಂದರೆ ಅತಿ ಗಾಢ. ನಿಮ್ಮ ಚಿತ್ರದಲ್ಲಿ 1 ಸಿಗುವುದು ಕೆಲವೇ ಕಡೆ: ಬಿಸಿಲಿಗೆ ಮುಖ ಮಾಡಿದ ಬಂಡೆಗಳ ನೆತ್ತಿಯ ಅಂಚು, ಬತೇರಿಯ ತೆನೆಗಳ (ಗೋಡೆಯ ನೆತ್ತಿಯ ಹಲ್ಲುಸಾಲಿನಂಥ ಕಟ್ಟು) ಒಂದು ಪಕ್ಕ, ಹೊಂಡದ ನೀರು ಚಿತ್ರದಲ್ಲಿ ಇದ್ದರೆ ಅದರ ಮೇಲಿನ ಮಿಂಚು. ಬಿಸಿಲಿನ ಬಂಡೆಮೈ ಬಿಳಿಯಲ್ಲ, ಅದು 2. ಓರೆಯಾಗಿ ಬೆಳಕು ಜಾರುವ ಮೈ 3. ನೆರಳಿನ ಮೈ, ಮಳೆನೀರು ಹರಿದು ಹರಿದು ಬಂಡೆಯ ಮೇಲೆ ಉಳಿದ ಕರಿ ಪಟ್ಟಿಗಳು 4. ಎರಡು ಬಂಡೆಗಳ ನಡುವಿನ ಸಂದು, ಬಾಗಿಲ ಒಳಗತ್ತಲೆ, ಓಬವ್ವನ ಕಿಂಡಿಯಂಥ ಜಾಗಗಳು 5. ನೀವು ಬಿಸಿಲಿನ ಮೈಯನ್ನೆಲ್ಲ 1 ಎಂದು ಲೆಕ್ಕ ಹಿಡಿದು ಮುಚ್ಚಿದ್ದೀರಿ ಅನ್ನಿಸುತ್ತದೆ. ಅಂಟಿಸಿದಂತೆ ಕಾಣಲು ಅದಷ್ಟೇ ಸಾಕು. ಕಾಲು ಹಾಳೆಯಲ್ಲಿ (28×38 ಸೆಂ.ಮೀ.) ಅಚ್ಚ ಬಿಳಿ ಒಟ್ಟು ಸೇರಿ ಒಂದು ಬೆಂಕಿಪೊಟ್ಟಣದ ವಿಸ್ತೀರ್ಣ ಮೀರಿದರೆ ನಾನು ಅನುಮಾನ ಪಡುತ್ತೇನೆ.

ಈ ನಕ್ಷೆಯನ್ನು ಕಣ್ಣೆದುರು ಗೋಡೆಗೆ ಅಂಟಿಸಿಕೊಳ್ಳಿ. ಮೂರನೇ ಸುತ್ತು ದಾಟುವ ಹೊತ್ತಿಗೆ ಹಾಳೆಯ ಮುಕ್ಕಾಲು ಭಾಗ ಬಣ್ಣ ಮೆತ್ತಿದ ರಬ್ಬರ್‌ನಿಂದ ಮುಚ್ಚಿಹೋಗಿ, ಚಿತ್ರ ಎಂಬುದೇ ಕಾಣುವುದಿಲ್ಲ. ಆಗ ಹಾಳೆ ನೋಡಿ ತೀರ್ಮಾನ ಮಾಡಿದರೆ ಕೆಟ್ಟಿತು. ನಕ್ಷೆ ಏನು ಹೇಳುತ್ತದೋ ಅದನ್ನೇ ಮಾಡಬೇಕು.

ಇನ್ನು ಕಾಗದ. 300 ಜಿ.ಎಸ್.ಎಂ. ಎಂಬುದು ತೂಕದ ಲೆಕ್ಕ, ಗಟ್ಟಿತನದ್ದಲ್ಲ. ಒಂದು ಚದರ ಮೀಟರ್ ಹಾಳೆ 300 ಗ್ರಾಂ ತೂಗುತ್ತದೆ ಎಂದಷ್ಟೇ ಅದರ ಅರ್ಥ. ಮಾಸ್ಕ್ ತಡೆದುಕೊಳ್ಳುವುದು ನಾರಿನ ಉದ್ದ ಮತ್ತು ಮೇಲ್ಮೈಗೆ ಹಾಕಿದ ಅಂಟಿನಿಂದ. ಪೂರ್ತಿ ಹತ್ತಿಯ, ಜೆಲಟಿನ್ ಅಂಟು ಕೊಟ್ಟ ಕಾಗದ (ಆರ್ಶ್, ಸಾಂಡರ್ಸ್ ವಾಟರ್‌ಫೋರ್ಡ್ ಈ ಜಾತಿಯವು) ನಾಲ್ಕು ಸುತ್ತು ತಡೆಯುತ್ತದೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಪ್ಯಾಡ್‌ಗಳಲ್ಲೂ 300 ಜಿ.ಎಸ್.ಎಂ. ಸಿಗುತ್ತದೆ, ಅವುಗಳ ಮೇಲ್ಪದರ ಎರಡು ಸಲ ನೆನೆದು ಒಣಗುವಷ್ಟರಲ್ಲೇ ಸಡಿಲವಾಗುತ್ತದೆ. ಕೈಕಾಗದ, ಕಾರ್ಟ್ರಿಜ್ ಹಾಳೆ ಈ ಕೆಲಸಕ್ಕೆ ಬೇಡವೇ ಬೇಡ. ಹೊಸ ಕಾಗದ ತಂದಾಗಲೆಲ್ಲ ಒಂದು ತುಂಡಿನ ಮೇಲೆ ಮಾಸ್ಕ್ ಗೆರೆ ಎಳೆದು, ಬಣ್ಣ ಹಾಯಿಸಿ, ಎರಡು ದಿನ ಬಿಟ್ಟು ಸುಲಿದು ನೋಡಿ. ನಾರು ಎದ್ದರೆ ಆ ಕಾಗದವನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಹಾಳೆಯನ್ನು ಬಿಗಿಯದೆ ಸುರಿಯಬೇಡಿ. ಇಷ್ಟು ನೀರು ಬಿದ್ದರೆ 300 ಜಿ.ಎಸ್.ಎಂ. ಕೂಡ ಅಲೆಯಾಗಿ ಏಳುತ್ತದೆ, ತಗ್ಗಿನಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ. ವಾರ್ನಿಶ್ ಹೊಡೆದ 12 ಮಿ.ಮೀ. ಪ್ಲೈವುಡ್ ಹಲಗೆ ಒಳ್ಳೆಯದು. ಹಾಳೆಯನ್ನು ತಣ್ಣೀರಿನಲ್ಲಿ ಐದಾರು ನಿಮಿಷ ನೆನೆಸಿ, ನೀರು ಬಸಿದು, ಹಲಗೆಯ ಮೇಲೆ ಹಾಸಿ ನಾಲ್ಕೂ ಅಂಚಿಗೆ ಎರಡಿಂಚಿನ ಕಂದು ಗಮ್ ಟೇಪ್ ಅಂಟಿಸಿ ರಾತ್ರಿಯಿಡೀ ಬಿಡಿ. ಗಮ್ ಟೇಪ್ ಎಂದರೆ ನೀರು ಸವರಿದರೆ ಅಂಟುವ ಕಾಗದದ ಟೇಪ್. ಪ್ಯಾಕಿಂಗಿಗೆ ಬಳಸುವ ಪ್ಲಾಸ್ಟಿಕ್ ಟೇಪ್ ಒದ್ದೆ ಕಾಗದಕ್ಕೆ ಹಿಡಿಯುವುದಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಸಿದರೆ, ಬಿಸಿನೀರು ಬಳಸಿದರೆ, ಕಾಗದದ ಅಂಟು ಕರಗಿ ಹೋಗುತ್ತದೆ. ಆಮೇಲೆ ಮಾಸ್ಕ್ ಸುಲಿಯುವಾಗ ಅದರ ಬೆಲೆ ತೆರಬೇಕಾಗುತ್ತದೆ.

ಮಾಸ್ಕಿಂಗ್ ಫ್ಲೂಯಿಡ್ ಅನ್ನೋದು ಮೂಲದಲ್ಲಿ ರಬ್ಬರ್ ಹಾಲು, ಹೆಪ್ಪುಗಟ್ಟದಿರಲೆಂದು ಅಮೋನಿಯಾ ಸೇರಿಸಿದ್ದು. ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟ ಇರುವವರಿಗೆ ಈ ಲೆಕ್ಕ ಗೊತ್ತು: ಹಾಲನ್ನು ಹಾಲಾಗಿಯೇ ಇಡಬೇಕಾದರೆ ಅಮೋನಿಯಾ, ಹೆಪ್ಪುಗಟ್ಟಿಸಿ ಶೀಟ್ ಮಾಡಬೇಕಾದರೆ ಆಮ್ಲ. ಶೀಶೆ ತೆರೆದಾಗ ಮೂಗಿಗೆ ಹೊಡೆಯುವ ವಾಸನೆ ಅದೇ ಅಮೋನಿಯಾದ್ದು. ಮುಚ್ಚಳ ತೆರೆದಿಟ್ಟು ಕೆಲಸ ಮಾಡಿದರೆ ಅದು ಹಾರಿಹೋಗಿ ಶೀಶೆಯೊಳಗೇ ಗಂಟುಗಳಾಗುತ್ತವೆ. ಆದ್ದರಿಂದ ಬೇಕಾದಷ್ಟನ್ನು, ಕಾಲು ಹಾಳೆಯ ಒಂದು ಸುತ್ತಿಗೆ ಸುಮಾರು ಒಂದೆರಡು ಚಮಚ, ಚಿಕ್ಕ ಬಟ್ಟಲಿಗೆ ಬಗ್ಗಿಸಿ ತಕ್ಷಣ ಮುಚ್ಚಿ. ಶೀಶೆ ಕುಲುಕಬೇಡಿ, ನೊರೆಯ ಗುಳ್ಳೆಗಳು ಕಾಗದದ ಮೇಲೆ ಒಡೆದು ಸೂಜಿಮೊನೆಯಷ್ಟು ತೂತು ಬಿಡುತ್ತವೆ, ಅದರೊಳಗೆ ಬಣ್ಣ ಇಳಿಯುತ್ತದೆ. ಅಂಗೈಗಳ ನಡುವೆ ಉರುಳಿಸಿದರೆ ಸಾಕು. ದಪ್ಪವಾಗಿದ್ದರೆ ಕೆಲವೇ ಹನಿ ನೀರು ಸೇರಿಸಬಹುದು, ಆದರೆ ಲವಣ ತೆಗೆಯುವ ಆರ್.ಒ. ಫಿಲ್ಟರ್‌ನ ನೀರೇ ಆಗಲಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ರಬ್ಬರ್ ಹಾಲನ್ನು ಒಡೆಯುತ್ತವೆ. ಬಣ್ಣ ಕಲಸಲೂ ಆ ನೀರು ಬೇಡ, ಅಲ್ಟ್ರಾಮರೀನ್‌ನಂಥ ಬಣ್ಣಗಳ ಕಣಗಳು ಗುಂಪುಗಟ್ಟಿ ಬೇಡದ ಕಡೆ ಚುಕ್ಕೆ ಚುಕ್ಕೆಯಾಗುತ್ತವೆ. ರಬ್ಬರ್ ಅಲರ್ಜಿ ಇದ್ದವರು ನೈಟ್ರೈಲ್ ಕೈಗವಸು ಹಾಕಿಕೊಳ್ಳಬೇಕು; ಕಿಟಕಿ ತೆರೆದಿರಲಿ.

ಬಣ್ಣರಹಿತ ಫ್ಲೂಯಿಡ್‌ಗಿಂತ ಛಾಯೆಯಿರುವುದು ವಾಸಿ. ಪೆಬಿಯೊ ಡ್ರಾಯಿಂಗ್ ಗಮ್ ಬೂದುನೀಲಿ, ವಿನ್ಸರ್ ಅಂಡ್ ನ್ಯೂಟನ್‌ನದು ಹಳದಿ. ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟಿದೆ ಎಂದು ಓರೆ ಬೆಳಕಿನಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ. ಹಚ್ಚಲು ಒಳ್ಳೆಯ ಬ್ರಷ್ ಮುಟ್ಟಬೇಡಿ. ಅಗ್ಗದ ನೈಲಾನ್ ಬ್ರಷ್ ಒದ್ದೆ ಮಾಡಿ, ಸೋಪಿನ ಬಿಲ್ಲೆಯ ಮೇಲೆ ಉಜ್ಜಿ, ಕೂದಲಿಗೆ ಸೋಪು ತುಂಬಿದ ಮೇಲೆ ಫ್ಲೂಯಿಡ್‌ಗೆ ಅದ್ದಿ. ನಾಲ್ಕೈದು ನಿಮಿಷಕ್ಕೊಮ್ಮೆ ತೊಳೆದು ಮತ್ತೆ ಸೋಪು. ಗೋಡೆಯ ಕಲ್ಲುಗಳ ನಡುವಿನ ಸಣ್ಣ ಗೆರೆಗೆ ರೂಲಿಂಗ್ ಪೆನ್ (ಎರಡು ಲೋಹದ ಎಸಳುಗಳ ನಡುವೆ ದ್ರವ ಹಿಡಿದು ಗೆರೆ ಎಳೆಯುವ ಪೆನ್), ಅದಿಲ್ಲದಿದ್ದರೆ ಚೂಪು ಮಾಡಿದ ಬಿದಿರು ಕಡ್ಡಿ. ಬಂಡೆಯ ಒರಟುತನಕ್ಕೆ ಹಳೆಯ ಟೂತ್‌ಬ್ರಷ್‌ನಿಂದ ಸಿಡಿಸಿ, ಅಥವಾ ಬ್ರಷ್‌ನಲ್ಲಿ ಫ್ಲೂಯಿಡ್ ಕಡಿಮೆ ಹಿಡಿದು ಕಾಗದದ ಉಬ್ಬುಗಳಿಗಷ್ಟೇ ತಾಗುವಂತೆ ಮಲಗಿಸಿ ಎಳೆಯಿರಿ. ಮಾಸ್ಕ್‌ನ ಅಂಚು ಎಲ್ಲ ಕಡೆ ನುಣುಪಾಗಿದ್ದರೆ ಬಂಡೆ ಪ್ಲಾಸ್ಟಿಕ್ ಆಗುತ್ತದೆ. ಒಂದು ಪಕ್ಕ ನುಣುಪು, ಇನ್ನೊಂದು ಪಕ್ಕ ಚೂರು ಚೂರಾಗಿ ಒಡೆದ ಅಂಚು ಇರಲಿ.

ಫ್ಲೂಯಿಡ್ ಹಚ್ಚುವಾಗ ಕಾಗದ ಪೂರ್ತಿ ಒಣಗಿರಬೇಕು, ಇಲ್ಲಿ ರಾಜಿ ಇಲ್ಲ. ತೇವ ಉಳಿದಿದ್ದರೆ ರಬ್ಬರ್ ಮೇಲೆ ಕೂರುವ ಬದಲು ನಾರಿನೊಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ರಬ್ಬರ್ ಎಳೆದರೆ ನಾರೂ ಬರುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೆ ನಂಬಬೇಡಿ. ಕೈಯ ಹಿಂಬದಿ ತಾಗಿಸಿ. ತಣ್ಣಗೆ ಅನ್ನಿಸಿದರೆ ಒಳಗೆ ನೀರಿದೆ, ಅಕ್ಕಪಕ್ಕದ ಹಲಗೆಯಷ್ಟೇ ಬೆಚ್ಚಗೆ ಅನ್ನಿಸಿದರೆ ಒಣಗಿದೆ. ಚಿತ್ರದುರ್ಗ, ದಾವಣಗೆರೆಯ ಮಾರ್ಚ್–ಮೇ ಬೇಸಿಗೆಯಲ್ಲಿ ನೆರಳಿನಲ್ಲೇ ಒಂದೂವರೆ, ಎರಡು ಗಂಟೆ ಸಾಕಾಗಬಹುದು. ಮಳೆಗಾಲದ ಮೋಡದ ದಿನ ಐದಾರು ಗಂಟೆ ಬೇಕು.

ಹೇರ್ ಡ್ರೈಯರ್ ಮಾಡಿದ್ದೂ ಇದನ್ನೇ, ಇನ್ನೊಂದು ದಾರಿಯಲ್ಲಿ. ಬಿಸಿ ತಾಗಿದ ರಬ್ಬರ್ ಮೆದುವಾಗಿ ಕಾಗದದ ಸಣ್ಣ ಗುಳಿಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಹದಿನೈದು ದಿನ! ದಿನ ಕಳೆದಂತೆ ರಬ್ಬರ್‌ನ ಹಿಗ್ಗುವ ಗುಣ ಕಡಿಮೆಯಾಗಿ ಹಿಡಿತ ಹೆಚ್ಚುತ್ತದೆ. ಎಳೆದರೆ ಉದ್ದಕ್ಕೆ ಬರುವ ಬದಲು ತುಂಡಾಗುತ್ತದೆ, ಪ್ರತಿ ತುಂಡೂ ಸ್ವಲ್ಪ ಸ್ವಲ್ಪ ಕಾಗದ ಕೀಳುತ್ತದೆ. ಬಿಸಿಲು ಬೀಳುವ ಕಿಟಕಿ, ಶೀಟಿನ ಮನೆಯ ಮಧ್ಯಾಹ್ನದ ಕಾವು ಕೂಡ ಡ್ರೈಯರ್ ಇದ್ದಹಾಗೆಯೇ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಕೂರಿ, ಹಲಗೆಯನ್ನು ಮನೆಯ ತಂಪಾದ ಮೂಲೆಯಲ್ಲಿ ಒಣಗಿಸಿ. ಫ್ಯಾನ್ ಹಾಕಬಹುದು, ಆದರೆ ಬಣ್ಣದ ಹೊಳಪು ಪೂರ್ತಿ ಇಳಿದ ಮೇಲೆ. ಅದಕ್ಕೆ ಮೊದಲು ಗಾಳಿ ಬಿದ್ದರೆ ಒಂದು ಪಕ್ಕ ಬೇಗ ಒಣಗಿ ಅಲ್ಲೊಂದು ಗಟ್ಟಿ ಗೆರೆ ಮೂಡುತ್ತದೆ. ದುರ್ಗದ ಕಡೆ ಮನೆ ಮಾಡಿದವರಿಗೆ ಇದು ಹೆಚ್ಚು ಅನ್ವಯ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಕಿಟಕಿಯಿಂದ ಧೂಳನ್ನೂ ತಂದು ಹಸಿ ಬಣ್ಣಕ್ಕೆ ಕೂರಿಸುತ್ತದೆ. ಸುರಿಯುವಾಗ ಕಿಟಕಿ ಮುಚ್ಚಿ, ಮಾಸ್ಕ್ ಹಚ್ಚುವಾಗ ತೆರೆಯಿರಿ.

ವಾರಾಂತ್ಯದ ಲೆಕ್ಕ ಹೀಗೆ ಹಾಕಬಹುದು. ಶುಕ್ರವಾರ ರಾತ್ರಿ ಹಾಳೆ ಬಿಗಿದು, ಶನಿವಾರ ಬೆಳಿಗ್ಗೆ ಮೊದಲ ಮಾಸ್ಕ್, ಸುರಿತ. ಮಧ್ಯಾಹ್ನ ಎರಡನೇ ಮಾಸ್ಕ್, ಸಂಜೆ ಎರಡನೇ ಸುತ್ತು. ಭಾನುವಾರ ಮೂರು ಮತ್ತು ನಾಲ್ಕು. ಸೋಮವಾರ ಬೆಳಿಗ್ಗೆ ಸುಲಿತ. ಮೊದಲ ಮಾಸ್ಕ್ ಬಿದ್ದ ಮೇಲೆ ನಾಲ್ಕೈದು ದಿನ ದಾಟಿಸಬೇಡಿ. ಊರಿಗೆ ಹೋಗುವುದಿದ್ದರೆ ಹೋಗಿ ಬಂದು ಶುರು ಮಾಡಿ.

ಈಗ ಕೆಸರಿನ ವಿಷಯ. ಸುರಿಯುವ ಬಣ್ಣ ಪಾರದರ್ಶಕವೇ ಆಗಿರಬೇಕು. ಬೆಳಕು ಬಣ್ಣದ ಪದರಗಳನ್ನು ತೂರಿ, ಕಾಗದದ ಬಿಳಿಗೆ ಬಡಿದು ಹಿಂದಿರುಗಿದರೆ ಮಾತ್ರ ಕೆಳಗಿನ ಹಳದಿ ಮೇಲಿನ ನೀಲಿಯೊಳಗಿಂದ ಹೊಳೆಯುತ್ತದೆ. ಯೆಲ್ಲೋ ಓಕರ್, ಸೆರುಲಿಯನ್, ಕ್ಯಾಡ್ಮಿಯಂ ಹಳದಿ, ಕ್ಯಾಡ್ಮಿಯಂ ಕೆಂಪು ಇಂಥವು ಬೆಳಕನ್ನು ಮೇಲೇ ತಡೆಯುತ್ತವೆ. ಎರಡನೇ ಪದರಕ್ಕೇ ಮಬ್ಬು. ಪೋಸ್ಟರ್ ಕಲರ್ ಅಂತೂ ಮುಟ್ಟಲೇಬೇಡಿ. ಟ್ಯೂಬಿನ ಹೆಸರಿಗಿಂತ ಹಿಂಬದಿಯ ವರ್ಣದ್ರವ್ಯದ ಸಂಕೇತ ಓದುವ ಅಭ್ಯಾಸ ಮಾಡಿಕೊಳ್ಳಿ. ಈ ಕೆಲಸಕ್ಕೆ ನನ್ನ ಆಯ್ಕೆ: ಹಳದಿಗೆ ಪಿ.ವೈ. 150, ಕೆಂಪಿಗೆ ಕ್ವಿನಾಕ್ರಿಡೋನ್ ರೋಸ್ ಅಂದರೆ ಪಿ.ವಿ. 19, ನೀಲಿಗೆ ಥ್ಯಾಲೊ ಬ್ಲೂ ಅಂದರೆ ಪಿ.ಬಿ. 15:3. ಮೂರೂ ಒಂದೊಂದೇ ವರ್ಣದ್ರವ್ಯದವು, ಬೆಳಕಿಗೆ ಮಾಸುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಹೇಳುವ ಆರಿಯೋಲಿನ್ (ಪಿ.ವೈ. 40) ಮತ್ತು ಅಲಿಜರಿನ್ ಕ್ರಿಮ್ಸನ್ (ಪಿ.ಆರ್. 83) ಸುರಿಯಲು ಸೊಗಸಾಗಿದ್ದರೂ ಕಾಲ ಕಳೆದಂತೆ ಬಣ್ಣಗೆಡುತ್ತವೆ. ಬಂಡೆಯ ಮೈಗೆ ಥ್ಯಾಲೊ ಬದಲು ಅಲ್ಟ್ರಾಮರೀನ್ (ಪಿ.ಬಿ. 29) ಹಾಕಿದರೆ ಅದರ ಕಣಗಳು ಕಾಗದದ ಗುಳಿಗಳಲ್ಲಿ ಕೂತು ಕಣಶಿಲೆಯ ಒರಟು ತಾನಾಗಿ ಬರುತ್ತದೆ. ಗಾಢ ಸುತ್ತುಗಳಲ್ಲಿ ಅದು ಒಳ್ಳೆಯ ಉಪಾಯ. ಆದರೆ ಅದು ಕಾಗದಕ್ಕೆ ಅಷ್ಟಾಗಿ ಕಚ್ಚುವುದಿಲ್ಲ, ಅದರ ಮೇಲೆ ಮಾಸ್ಕ್ ಹಚ್ಚಿ ಸುಲಿದರೆ ಸ್ವಲ್ಪ ಬಣ್ಣವನ್ನೂ ರಬ್ಬರ್ ಎತ್ತಿಕೊಂಡು ಬರುತ್ತದೆ. ಅಷ್ಟು ನಷ್ಟ ಲೆಕ್ಕಕ್ಕಿಟ್ಟು ಒಂದು ಗುಂಜಿ ಗಾಢವಾಗಿಯೇ ಸುರಿಯಿರಿ.

ಅಳತೆ, ಕಾಲು ಹಾಳೆಗೆ, ಅಂದರೆ 28×38 ಸೆಂ.ಮೀ.ಗೆ: ಮೂರು ಲೋಟಗಳಲ್ಲಿ ತಲಾ 40 ಮಿ.ಲೀ. ನೀರು. ಮೊದಲ ಸುತ್ತಿಗೆ ತಲಾ ಅರ್ಧ ಮಿ.ಲೀ. ಬಣ್ಣ, ಅಂದರೆ 5 ಮಿ.ಲೀ. ಟ್ಯೂಬಿನ ಹತ್ತನೇ ಒಂದು ಭಾಗ. ಎರಡನೆಯದಕ್ಕೆ ತಲಾ ಒಂದು ಮಿ.ಲೀ. ಮೂರನೆಯದಕ್ಕೆ ನೀರನ್ನು 30ಕ್ಕೆ ಇಳಿಸಿ ಬಣ್ಣ ಎರಡು ಮಿ.ಲೀ. ಮಾಡಿ. ನಾಲ್ಕನೆಯದು ಸಂದುಗೊಂದುಗಳಿಗಷ್ಟೇ, 20 ಮಿ.ಲೀ. ನೀರಿಗೆ ಎರಡು ಮಿ.ಲೀ., ಅದೂ ಕೆಂಪು ಮತ್ತು ನೀಲಿ ಮಾತ್ರ. ಥ್ಯಾಲೊ ಬಳಸಿದರೆ ಎಲ್ಲ ಸುತ್ತಿನಲ್ಲೂ ಅದರ ಪ್ರಮಾಣ ಅರ್ಧ. ಸಮ ಹಾಕಿದರೆ ಉಳಿದೆರಡನ್ನೂ ಅದು ನುಂಗುತ್ತದೆ. ಮೊದಲು ಬಣ್ಣವನ್ನು ಒಂದು ಚಮಚ ನೀರಿನಲ್ಲಿ ಬ್ರಷ್‌ನಿಂದ ಚೆನ್ನಾಗಿ ಕದಡಿ, ಆಮೇಲೆ ಉಳಿದ ನೀರು ಬೆರೆಸಿ. ಕರಗದ ಒಂದು ಗಂಟು ಸಾಕು, ಹಾಳೆಯ ನಡುವೆ ಗೆರೆ ಎಳೆದುಕೊಂಡು ಹೋಗಲು. ಅದೇ ಕಾಗದದ ಚೂರಿನ ಮೇಲೆ ಹಾಯಿಸಿ, ಒಣಗಿಸಿ ನೋಡಿ. ಒದ್ದೆಯಲ್ಲಿ ಕಂಡದ್ದಕ್ಕಿಂತ ಒಣಗಿದ ಮೇಲೆ ಹಗುರವಾಗಿಯೇ ಇರುತ್ತದೆ.

ಸುರಿಯುವ ಕೆಲಸ ಎರಡು ಮೂರು ನಿಮಿಷದ್ದು. ಮಾಸ್ಕ್ ಬೆರಳಿಗೆ ಅಂಟದಂತೆ ಒಣಗಿದೆ ಎಂದು ಖಾತ್ರಿ ಮಾಡಿಕೊಂಡು, ಅಗಲ ಟ್ರೇ ಒಂದನ್ನು ಕೆಳಗಿಟ್ಟು, ಎರಡಿಂಚಿನ ಮೆದು ಬ್ರಷ್‌ನಿಂದ ಹಾಳೆಯನ್ನು ಎರಡು ಸಲ ಒದ್ದೆ ಮಾಡಿ. ನೀರು ನಿಂತಿರಬಾರದು, ಎಲ್ಲ ಕಡೆ ಒಂದೇ ಹೊಳಪಿರಬೇಕು. ಬಿಸಿಲಿನ ಕಡೆ ಹಳದಿ ಸುರಿಯಿರಿ, ಅದರ ಮಗ್ಗುಲಿಗೆ ಗುಲಾಬಿ, ಆಕಾಶ ಮತ್ತು ನೆರಳಿನ ಕಡೆ ನೀಲಿ. ಹಲಗೆಯ ಒಂದು ಮೂಲೆ ಎತ್ತಿ, ಬಣ್ಣ ಹರಿದು ಪಕ್ಕದ್ದನ್ನು ಮುಟ್ಟುವವರೆಗೆ ಕಾಯಿರಿ. ಇನ್ನೊಂದು ಮೂಲೆ. ಒಟ್ಟು ಮೂರು ನಾಲ್ಕು ಸಲ ವಾಲಿಸಿ, ಹೆಚ್ಚಾದದ್ದನ್ನು ಒಂದೇ ಮೂಲೆಯಿಂದ ಟ್ರೇಗೆ ಬಸಿದುಬಿಡಿ. ಹಿಂದಕ್ಕೆ ಮುಂದಕ್ಕೆ ಆಡಿಸುತ್ತ ಕೂತರೆ ಮೂರೂ ಬಣ್ಣ ಎಲ್ಲ ಕಡೆ ಸಮನಾಗಿ ಬೆರೆಯುತ್ತವೆ, ಮೂಲವರ್ಣ ಮೂರೂ ಸಮನಾಗಿ ಬೆರೆತರೆ ಬೂದು ಬಿಟ್ಟು ಬೇರೆ ಬಣ್ಣವಿಲ್ಲ. ನಿಮ್ಮ ಕೆಸರು ಬಹುಪಾಲು ಇದೇ. ಎರಡೆರಡು ಬಣ್ಣ ಕೂಡಲಿ: ಹಳದಿ ಗುಲಾಬಿ ಕೂಡಿದರೆ ಬಿಸಿಲು, ಗುಲಾಬಿ ನೀಲಿ ಕೂಡಿದರೆ ನೆರಳು. ಮೂರೂ ಒಟ್ಟು ಸೇರುವ ಅವಕಾಶ ಸಂದುಗಳಿಗೆ ಮಾತ್ರ. ಬ್ರಷ್ ಹಿಡಿದು ತಿದ್ದುವ ಆಸೆ ಬಂದೇ ಬರುತ್ತದೆ, ತಡೆದುಕೊಳ್ಳಿ. ಟ್ರೇಯಲ್ಲಿ ಸೇರಿದ ಬೂದು ನೀರನ್ನು ಚೆಲ್ಲಬೇಡಿ. ಲೋಟಕ್ಕೆ ವಾಪಸ್ ಹಾಕುವಂತಿಲ್ಲ, ಆದರೆ ಕೊನೆಯಲ್ಲಿ ನೆರಳು ತಿದ್ದಲು ಅದಕ್ಕಿಂತ ಹೊಂದಿಕೆಯ ಬೂದು ಇನ್ನೊಂದು ಸಿಗುವುದಿಲ್ಲ.

ಹಲಗೆಯನ್ನು ಮಟ್ಟಸವಾಗಿ ಇಟ್ಟ ಕೂಡಲೇ ಎರಡು ಕಡೆ ಟಿಶ್ಯೂ ತುದಿ ತಾಗಿಸಬೇಕು. ಒಂದು, ಹಾಳೆಯ ಅಂಚಿನಲ್ಲಿ ನಿಂತ ನೀರಿನ ಸಾಲಿಗೆ. ಅದನ್ನು ಬಿಟ್ಟರೆ ಉಳಿದದ್ದು ಒಣಗುವಾಗ ಆ ನೀರು ವಾಪಸ್ ನುಗ್ಗಿ ಹೂಕೋಸಿನಂಥ ಕಲೆ ಮಾಡುತ್ತದೆ. ಇನ್ನೊಂದು, ರಬ್ಬರ್ ಮೇಲೆ ಮಣಿಮಣಿಯಾಗಿ ನಿಂತ ಬಣ್ಣಕ್ಕೆ. ಈ ಮಣಿಗಳು ತಡವಾಗಿ ಒಣಗುತ್ತವೆ, ಉರುಳಿ ಪಕ್ಕಕ್ಕೆ ಇಳಿಯುತ್ತವೆ, ಅಲ್ಲೇ ಒಣಗಿದರೂ ಸುಲಿಯುವಾಗ ಪುಡಿಯಾಗಿ ಅಚ್ಚ ಬಿಳಿಯ ಮೇಲೆ ಉಜ್ಜಿಕೊಳ್ಳುತ್ತವೆ. ಎರಡನೇ ಸುತ್ತಿನಿಂದ ಮುಂದೆ ಹಾಳೆ ಒದ್ದೆ ಮಾಡಲು ಬ್ರಷ್ ಬೇಡ. ಒಂದಡಿ ದೂರದಿಂದ ಸ್ಪ್ರೇ ಮಾಡಿ, ಕೆಳಗಿನ ಪದರ ಕದಡುವುದಿಲ್ಲ.

ಆಕಾಶದ ಬಗ್ಗೆ ಒಂದು ಮಾತು. ಮೊದಲ ಸುತ್ತಿನಲ್ಲಿ ಆಕಾಶ, ಬಂಡೆ ಒಟ್ಟಿಗೇ ಮುಗಿಯಲಿ. ಆಮೇಲೆ ಆಕಾಶವನ್ನೆಲ್ಲ ಫ್ಲೂಯಿಡ್‌ನಿಂದ ಮುಚ್ಚುವುದು ದುಂದು, ಸುಲಿಯುವಾಗ ಅಷ್ಟಗಲ ಕಾಗದಕ್ಕೂ ಅಪಾಯ. ಬಂಡೆಗಳ ನೆತ್ತಿಗುಂಟ ಒಂದು ಸೆಂ.ಮೀ. ಅಗಲದ ಮಾಸ್ಕ್ ಪಟ್ಟಿ ಎಳೆದು, ಅದು ಒಣಗಿದ ಮೇಲೆ ಅದರ ಮೇಲೆ ಕೂರುವಂತೆ ಮಾಸ್ಕಿಂಗ್ ಟೇಪ್, ಟೇಪಿನಿಂದ ಮೇಲಕ್ಕೆ ಪ್ಲಾಸ್ಟಿಕ್ ಹಾಳೆ. ಸುರಿಯುವಾಗ ಹಲಗೆಯ ಆಕಾಶದ ತುದಿ ಯಾವಾಗಲೂ ಎತ್ತರದಲ್ಲಿರಲಿ.

ಸುಲಿಯುವ ದಿನ ಮೊದಲು ರಬ್ಬರ್ ಮೇಲ್ಮೈಯನ್ನು ಒದ್ದೆ ಟಿಶ್ಯೂನಿಂದ ಮೆಲ್ಲಗೆ ಒತ್ತಿ, ಕೂತ ಬಣ್ಣ ತೆಗೆಯಿರಿ. ಮತ್ತೆ ಪೂರ್ತಿ ಒಣಗಲಿ. ಕ್ರೇಪ್ ರಬ್ಬರ್ (ಒಣಗಿದ ಮಾಸ್ಕ್ ಉಜ್ಜಿ ತೆಗೆಯುವ ಒರಟು ರಬ್ಬರ್) ತುಂಡು ಸಿಕ್ಕರೆ ಅದು, ಇಲ್ಲವೇ ಹಳೆಯ ಮಾಸ್ಕ್ ಉಂಡೆ ಮಾಡಿಟ್ಟುಕೊಂಡಿದ್ದರೆ ಅದೇ ಸಾಕು. ಅಂಚಿನಿಂದ ಉಜ್ಜಿ ಎಬ್ಬಿಸಿ, ಎದ್ದ ತುದಿಯನ್ನು ಕಾಗದಕ್ಕೆ ಸವರಿದಂತೆ ಹಿಂದಕ್ಕೆ ಮಡಿಸಿ ಎಳೆಯಿರಿ. ನೇರ ಮೇಲಕ್ಕೆ ಎಳೆಯುವುದೇ ನಾರು ಕೀಳುವ ಸುಲಭ ದಾರಿ. ಒಂದು ಕಡೆ ನಾರು ಏಳುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಎದುರು ದಿಕ್ಕಿನಿಂದ ಬನ್ನಿ.

ಎಲ್ಲ ಸುಲಿದ ಮೇಲೆ ಎಲ್ಲ ಅಂಚೂ ಗಡಸಾಗಿಯೇ ಕಾಣುತ್ತದೆ, ಅದು ಈ ವಿಧಾನದ ಗುಣ. ಇಲ್ಲಿ ಬ್ರಷ್ ಹಿಡಿಯುವ ಕಾಲ ಬರುತ್ತದೆ. ಮೂರರಲ್ಲಿ ಒಂದು ಪಾಲು ಅಂಚುಗಳನ್ನು ಒದ್ದೆ ಮಾಡಿದ ಬಿರುಸು ಬ್ರಷ್‌ನಿಂದ ಸವರಿ, ಟಿಶ್ಯೂ ಒತ್ತಿ ಮೆದು ಮಾಡಿ: ದೂರದ ಬಂಡೆಗಳು, ದುಂಡಗೆ ತಿರುಗುವ ಮೈಗಳು, ನೆರಳಿನೊಳಗಿನ ಅಂಚುಗಳು. ಬತೇರಿಯ ತೆನೆ, ಬಿಸಿಲು ನೆರಳು ಸೇರುವ ಮುಖ್ಯ ಗೆರೆ ಗಡಸಾಗಿರಲಿ. ಉಳಿದ ಬಿಳಿಗಳಲ್ಲಿ ಎರಡು ಮೂರನ್ನು ಮಾತ್ರ ಬಿಟ್ಟು, ಮಿಕ್ಕವುಗಳ ಮೇಲೆ ಅತಿ ತೆಳು ಹಳದಿ ಅಥವಾ ಗುಲಾಬಿ ಒಂದು ಪದರ ಎಳೆಯಿರಿ.

ಕಾಗದ ಕಿತ್ತಿರುವ ನಿಮ್ಮ ಈಗಿನ ಚಿತ್ರವನ್ನು ಎಸೆಯುವುದು ಬೇಡ. ಎದ್ದ ನಾರಿನ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಚಮಚದ ಬೆನ್ನಿನಿಂದ ಒಂದೇ ದಿಕ್ಕಿಗೆ ಒತ್ತಿ ಮಟ್ಟಸ ಮಾಡಿ. ಒಂದು ಗ್ರಾಂ ಅಡುಗೆ ಜೆಲಟಿನ್ (ಬಣ್ಣ, ಸಕ್ಕರೆ ಬೆರೆಸದ್ದು) 40 ಮಿ.ಲೀ. ನೀರಿನಲ್ಲಿ ನೆನೆಸಿ, ಬೆಚ್ಚಗೆ ಮಾಡಿ ಕರಗಿಸಿ, ಆ ಜಾಗಗಳಿಗಷ್ಟೇ ಒಂದು ಕೈ ಸವರಿ ಒಣಗಿಸಿ. ಸುತ್ತಲಿನ ಬಣ್ಣಕ್ಕೆ ತಾಗದಿರಲಿ. ಕಾಗದದ ಹೀರುವಿಕೆ ಕಡಿಮೆಯಾಗುತ್ತದೆ, ಆದರೆ ಮೊದಲಿನ ಮೈ ಬರುವುದಿಲ್ಲ. ಅಲ್ಲಿ ಮತ್ತೆ ನೀರು ಹೆಚ್ಚಿರುವ ಬಣ್ಣ ಹಾಯಿಸಿದರೆ ಸುತ್ತಲಿಗಿಂತ ಕಪ್ಪಗೆ ಹೀರುತ್ತದೆ. ಒಣ ಬ್ರಷ್‌ನಲ್ಲಿ ಸ್ವಲ್ಪ ಗಟ್ಟಿ ಬಣ್ಣ ಹಿಡಿದು ಬಂಡೆಯ ಒರಟಿನಂತೆ ಎಳೆಯಿರಿ, ಅಥವಾ ಬಣ್ಣದ ಪೆನ್ಸಿಲ್‌ನಿಂದ ಮುಗಿಸಿ. ಕೋಟೆಯ ಬಂಡೆಯಾದ್ದರಿಂದ ಆ ಒರಟು ಅಲ್ಲಿ ಒಪ್ಪುತ್ತದೆ. ಆಕಾಶದಲ್ಲಿ ಕಿತ್ತಿದ್ದರೆ ಮಾತ್ರ ಆ ಭಾಗ ಬಿಟ್ಟು ಹಾಳೆಯನ್ನು ಕತ್ತರಿಸಿ ಚಿಕ್ಕದಾಗಿ ಚೌಕಟ್ಟು ಹಾಕಿಸಿ.